ಮೂಳೆ ಕೂಡಿದರೆ ಸಾಕೆ?

ಅಮೀನಗಡ ಎಂದೊಡನೆ ಕರದಂಟು ನೆನಪಾಗುತ್ತದೆ, ದನ-ಕುರಿಗಳ ಸಂತೆ ನೆನಪಾಗುತ್ತದೆ. ಈ ಸೀಮೆಯ ಇನ್ನೊಂದು ಗುರುತು ಕುಣಿ ಮಗ್ಗ. ನೇಕಾರ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಓಡಿಸಬೇಕು. ಇಳಕಲ್ ಸೀರೆ ಬೆಳೆದುಬಂದದ್ದು ಈ ಮಗ್ಗದ ಮೇಲೆಯೇ. ಇಂಥ ನೇಕಾರನೊಬ್ಬನ ಕಾಲು ಅಪಘಾತದಲ್ಲಿ ನುಜ್ಜಾಯಿತೆನ್ನಿ. ತಿಂಗಳುಗಳ ನಂತರ ವೈದ್ಯರು ಎಕ್ಸ್-ರೇ ನೋಡಿ 'ಮೂಳೆ ಕೂಡಿದೆ' ಎನ್ನುತ್ತಾರೆ. ಆದರೆ ಅವನು ಮತ್ತೆ ಕುಣಿಗೆ ಇಳಿಯಬಲ್ಲನೆ? ರಾತ್ರಿ ನೋವಿಲ್ಲದೆ ನಿದ್ರಿಸಬಲ್ಲನೆ? ಅದನ್ನು ಹೇಳಬಲ್ಲವನು ಅವನೊಬ್ಬನೇ.

ಚಿಕಿತ್ಸೆಯ ಫಲವನ್ನು ಅಳೆಯಬೇಕೆಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಪ್ರತಿ ರೋಗಿಯನ್ನೂ ಕನಿಷ್ಠ ಒಂದು ವರ್ಷದ ನಂತರ ಕರೆಸಿ ನೋಡಬೇಕೆಂದು ಹಟ ಹಿಡಿದ. ಸಹೋದ್ಯೋಗಿಗಳಿಗೆ ಅದು ರುಚಿಸಲಿಲ್ಲ. 1914ರಲ್ಲಿ ಆತ ಆಸ್ಪತ್ರೆಯ ಹುದ್ದೆಗೆ ರಾಜೀನಾಮೆ ಕೊಟ್ಟ. ಆದರೆ ಅವನ ಪದ್ಧತಿಯಲ್ಲಿಯೂ ತೀರ್ಪು ವೈದ್ಯರದೇ ಆಗಿತ್ತು.

ರೋಗಿಯ ಮಾತನ್ನೇ ಅಂಕಿಗಳಲ್ಲಿ ಹಿಡಿಯುವ ಪ್ರಶ್ನಾವಳಿಗಳು ಬಂದದ್ದು ಸುಮಾರು 1970ರ ದಶಕದಿಂದ ಈಚೆಗೆ. ಅವುಗಳಲ್ಲೊಂದರ ನೆರವಿನಿಂದ ಅಮೆರಿಕದ 8 ಆಸ್ಪತ್ರೆಗಳು, ಕಾಲಿಗೆ ತೀವ್ರ ಪೆಟ್ಟಾದ 569 ಮಂದಿಯನ್ನು ಪರಿಶೀಲಿಸಿದವು. ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಎರಡು ವರ್ಷಗಳ ನಂತರ, ಕಾಲು ಉಳಿಸಿಕೊಂಡವರಿಗೂ ಕತ್ತರಿಸಿಕೊಂಡವರಿಗೂ ತಮ್ಮ ಬದುಕಿನ ಬಗ್ಗೆ ಅವರೇ ಕೊಟ್ಟ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೆಲಸಕ್ಕೆ ಮರಳಿದವರು ಎರಡೂ ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಚೇತರಿಕೆಯನ್ನು ನಿರ್ಧರಿಸಿದ್ದು ಗಾಯವೊಂದೇ ಅಲ್ಲ. ಮನೆಮಂದಿ-ನೆರೆಹೊರೆಯ ಆಸರೆ, ತನ್ನ ಮೇಲಿನ ನಂಬಿಕೆಗಳೂ ಆಗಿದ್ದವು.

ಆದರೆ ಯಾವ ಪ್ರಶ್ನೆ ಕೇಳಬೇಕು? ಮೊಣಕಾಲು ಸವೆತಕ್ಕಾಗಿ ಕೆನಡಾದಲ್ಲಿ ರೂಪಿಸಿದ ಹೆಸರಾಂತ ಪ್ರಶ್ನಾವಳಿಯೊಂದು, ಕಾರು ಹತ್ತಿ ಇಳಿಯುವಾಗಿನ ಕಷ್ಟವನ್ನು, ಸ್ನಾನದ ತೊಟ್ಟಿಗೆ ಇಳಿಯುವ ಕಷ್ಟವನ್ನು ಕೇಳುತ್ತದೆ. ನಮ್ಮವರ ಕಷ್ಟ ಬೇರೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡಬೇಕು, ಶೌಚಕ್ಕೆ ಕುಕ್ಕರಗಾಲಲ್ಲಿ ಕೂಡಬೇಕು, ಎರೆಹೊಲದಲ್ಲಿ ಬರಿಗಾಲಲ್ಲಿ ನಡೆಯಬೇಕು. ಜೈಪುರದ ಡಾ. ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1960ರ ದಶಕದ ಕೊನೆಯಲ್ಲಿ ಇದನ್ನೇ ಗಮನಿಸಿದರು. ಅದರಿಂದ ಹುಟ್ಟಿದ್ದೇ ಜೈಪುರ ಕಾಲು.

ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಜೀವನ ಗುಣಮಟ್ಟದ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ನೋವು, ನಿದ್ರೆ, ಓಡಾಟಗಳನ್ನು ಅದು ಕೇಳುತ್ತದೆ. ಕುಣಿ ಮಗ್ಗವನ್ನು ಕೇಳುವುದಿಲ್ಲ. ಭಾಷೆ ಬದಲಾದರೆ ಸಾಲದು, ಪ್ರಶ್ನೆಯೂ ನೆಲಕ್ಕೆ ಇಳಿಯಬೇಕು. ಅಲ್ಲಿಯವರೆಗೆ ನೇಕಾರನ ಕಾಲು ಕಾಗದದಲ್ಲಿ ವಾಸಿಯಾಗಿರುತ್ತದೆ, ಮಗ್ಗ ಮಾತ್ರ ಸುಮ್ಮನಿರುತ್ತದೆ.