ಉಳುಮೆಗೆ ಉಳಿದ ಮೂರನೇ ಒಂದು ಭಾಗ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ತಾಗಿಕೊಂಡೇ ಇರುವುದು ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯಂಥದ್ದು. ಅದರ ದಕ್ಷಿಣದಲ್ಲಿ ಬಹುಮಹಡಿ ಕಟ್ಟಡಗಳು, ಉತ್ತರ ಮತ್ತು ಪಶ್ಚಿಮದಲ್ಲಿ ಇಂದಿಗೂ ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲಗಳು. ರಾಜಧಾನಿಯ ಮಗ್ಗುಲಲ್ಲೇ ಇಷ್ಟು ಹೊಲ ಉಳಿದದ್ದು ಹೇಗೆ?

ಇಲ್ಲಿನ ಯೋಜನಾ ಆಯೋಗವನ್ನು ರಾಜ್ಯದ ಶಾಸನಸಭೆ ಸ್ಥಾಪಿಸಿದ್ದು 1927ರಲ್ಲಿ. ಮಾಂಟ್ಗೊಮೆರಿಯ ಕೆಲಸ ನೋಡಿಕೊಳ್ಳುವುದು ಅದರ ಐದು ಸದಸ್ಯರ ಯೋಜನಾ ಮಂಡಳಿ. ಬಡಾವಣೆ ನಕ್ಷೆಗಳಿಗೆ ಮಂಜೂರಾತಿ ಕೊಡುವುದು ಈ ಮಂಡಳಿಯೇ. ಆದರೆ ಯಾವ ವಲಯದಲ್ಲಿ ಏನು, ಎಷ್ಟು ಕಟ್ಟಬಹುದೆಂಬ ನಿಯಮ ಮಾಡುವುದು ಚುನಾಯಿತ ಕೌಂಟಿ ಕೌನ್ಸಿಲ್. ಮಂಡಳಿ ಯೋಜನೆ ಸಿದ್ಧಪಡಿಸಿ ಶಿಫಾರಸು ಮಾಡಬಹುದು, ಅಷ್ಟೆ.

1964ರ ಯೋಜನೆ, ಹೆದ್ದಾರಿಗಳ ಉದ್ದಕ್ಕೆ ಊರು ಬೆಳೆಯಲಿ, ನಡುವಿನ ಜಾಗ ಹಸಿರಾಗಿರಲಿ ಎಂದಿತು. ನಕ್ಷೆಗೆ ಹಸಿರು ಬಳಿದ ಮಾತ್ರಕ್ಕೆ ಜಮೀನಿನ ಮಾರಾಟ ನಿಲ್ಲುವುದಿಲ್ಲ. 1970ರ ದಶಕದ ಆರಂಭದಲ್ಲಿ ಐದು ಎಕರೆಗೆ ಒಂದೇ ಮನೆ ಎಂಬ ನಿಯಮ ಬಂತು. ಪರಿಣಾಮ ತಿರುಗುಮುರುಗಾಯಿತು. ಉಳುಮೆಗೆ ಸಾಲದ, ಅಂಗಳಕ್ಕೆ ಮಿತಿಮೀರಿದ ಐದೈದು ಎಕರೆಯ ತುಂಡುಗಳಾಗಿ ಹೊಲಗಳು ಒಡೆಯತೊಡಗಿದವು.

ರಾಯ್ಸ್ ಹ್ಯಾನ್ಸನ್ ಮಂಡಳಿಯ ಅಧ್ಯಕ್ಷರಾಗಿದ್ದಾಗ, 1980ರಲ್ಲಿ, ಕೌಂಟಿಯ ಸುಮಾರು ಮೂರನೇ ಒಂದು ಭಾಗವನ್ನು, ಅಂದರೆ ಸುಮಾರು 93,000 ಎಕರೆಯನ್ನು, ಕೃಷಿ ಮೀಸಲು ಪ್ರದೇಶವಾಗಿ ಗುರುತಿಸಲಾಯಿತು. ಅಲ್ಲಿ ಇನ್ನು 25 ಎಕರೆಗೆ ಒಂದು ಮನೆ. ರೈತನಿಗೆ ಇದು ಸಣ್ಣ ಪೆಟ್ಟಲ್ಲ. ಬ್ಯಾಂಕಿನ ಸಾಲಕ್ಕೂ ಮುಪ್ಪಿನ ಕಾಲಕ್ಕೂ ಅವನಿಗಿದ್ದ ಆಧಾರ ಜಮೀನಿನ ಬೆಲೆಯೇ.

ಅದಕ್ಕೆ ಕಂಡುಕೊಂಡ ದಾರಿ ಅಭಿವೃದ್ಧಿ ಹಕ್ಕುಗಳ ವರ್ಗಾವಣೆ. ನೂರು ಎಕರೆ ಇದ್ದವನು ನಾಲ್ಕೇ ಮನೆ ಕಟ್ಟಬಹುದು. ಆದರೆ ಹಳೆಯ ಲೆಕ್ಕದಂತೆ, ಐದು ಎಕರೆಗೊಂದರ ಹಾಗೆ, ಇಪ್ಪತ್ತು ಹಕ್ಕುಗಳು ಅವನ ಕೈಯಲ್ಲಿರುತ್ತವೆ. ಊರು ಬೆಳೆಯಬೇಕೆಂದು ಗೊತ್ತುಮಾಡಿದ ಜಾಗಗಳಲ್ಲಿ ಹೆಚ್ಚು ಮನೆ ಕಟ್ಟಬಯಸುವ ಬಿಲ್ಡರು ಅವನ್ನು ಕೊಳ್ಳಬೇಕು. ಹೊಲ ಅಲ್ಲೇ ಉಳಿಯಿತು. ಕಟ್ಟುವ ಹಕ್ಕು ಮಾತ್ರ ಪೇಟೆಗೆ ಹೋಯಿತು.

ಹಾಗೆ ಹೋದ ಹಕ್ಕು ಇಳಿಯುವ ಕಡೆಯೂ ಜನರಿದ್ದಾರಲ್ಲ! ಅಂಥ ನಿವಾಸಿಗಳ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ಎಲ್ಲಿ ಎಷ್ಟು ಮನೆ ಎಂಬುದನ್ನು ಯೋಜನೆಯ ಕಡತದಲ್ಲಿ ಬರೆದರೆ ಸಾಲದು, ವಲಯ ಕಾನೂನಿನ ಮೂಲಕವೇ ಗೊತ್ತುಮಾಡಬೇಕು ಎಂದು 1987ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿತು. ನಿಯಮಗಳನ್ನು ತಿದ್ದಿದರು, ವ್ಯವಸ್ಥೆ ಉಳಿಯಿತು.

ಟಿಡಿಆರ್ ಎಂಬ ಈ ಮೂರಕ್ಷರ ಬೆಂಗಳೂರಿಗೂ ಪರಿಚಿತ. ನಮ್ಮಲ್ಲಿ ಅದು ಕೇಳಿಬರುವುದು ಹೆಚ್ಚಾಗಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಕೊಡುವ ಪತ್ರವಾಗಿ. ಮಾಂಟ್ಗೊಮೆರಿಯಲ್ಲಿ ಅದೇ ಪತ್ರ ಹೊಲವನ್ನು ಹೊಲವಾಗಿಯೇ ಬಿಟ್ಟವನಿಗೆ ಸಿಕ್ಕಿತು. ಕಟ್ಟಬೇಡ ಎನ್ನುವ ಆಯೋಗಗಳು ಬಹಳ ಇವೆ. ಆ ಮಾತಿನಿಂದ ರೈತನಿಗಾಗುವ ನಷ್ಟವನ್ನು ಯಾರು ತುಂಬಬೇಕೆಂದು ಈ ಆಯೋಗ ಲೆಕ್ಕ ಹಾಕಿತು.