ಡೈನಮೈಟೂ ತಲೆನೋವೂ

1880ರ ಸುಮಾರಿಗೆ ನಮ್ಮ ದೇವಾಲಕ್ಕೆ ಚಿನ್ನದ ಹುಚ್ಚು ಹಿಡಿದಿತ್ತು. ಲಂಡನ್ನಿನ ಕಂಪನಿಗಳು ಗುಡ್ಡ ಬಗೆದವು, ಕೆಲವೇ ವರ್ಷಕ್ಕೆ ಮುಳುಗಿದವು. ಬಂಡೆ ಸಿಡಿಸೋ ಡೈನಮೈಟನ್ನ ನೊಬೆಲ್ ಎಂಬಾತ 1867ರಲ್ಲೇ ಮಾಡಿದ್ದ. ಅದರೊಳಗಿನ ನೈಟ್ರೋಗ್ಲಿಸರಿನ್ ಮುಟ್ಟಿದ ಕೂಲಿಯವರಿಗೆ ತಲೆಸಿಡಿತ. ಅದೇ ಎದೆನೋವಿಗೆ ಮದ್ದೂ ಆಯ್ತು. ಕೊನೆಗಾಲದಲ್ಲಿ ನೊಬೆಲ್‌ಗೂ ವೈದ್ಯರು ಅದನ್ನೇ ಬರೆದರು ನೋಡಿ!

ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳ ಸಡಿಲಿಸುತ್ತದೆ. ತಲೆಯದ್ದೂ ಹಿಗ್ಗುವುದರಿಂದ ನೋವು. ಈ ಅನಿಲವನ್ನು ನಮ್ಮ ಮೈಯೂ ಮಾಡಿಕೊಳ್ಳುತ್ತದೆ. ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುತ್ತದೆ. ಲಕ್ವ ಹೊಡೆದಾಗ ವಿಪರೀತವಾದರೆ ಆ ನರಗಳನ್ನೇ ಕೊಲ್ಲುತ್ತದೆ. ರಕ್ತನಾಳದ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಹೆಸರಿನದೇ ಬಹುಮಾನ.

ನನ್ನಾಕೆ ನಾಲಿಗೆ ಕೆಳಗಿಡೋ ಗುಳಿಗೆಯೂ ಇದೇ ಜಾತಿ. ತಲೆನೋವೆಂದು ಬಿಟ್ಟಿದ್ದಳು. ಈ ಕತೆ ಕೇಳಿ, ಡಾಕ್ಟರ ಬಳಿ ಹೋಗಿಬಂದು, ಈಗ ಸೆರಗಲ್ಲಿ ಕಟ್ಟಿಕೊಂಡಿದ್ದಾಳೆ.