ಲಟಕ್ ಎಂದ ಮಾತ್ರಕ್ಕೆ ಬೆನ್ನು ಸರಿಹೋಯಿತೇ? ಉಳುಕು ತೆಗೆಯುವವರಿಂದ ಕೈರೋಪ್ರಾಕ್ಟಿಕ್‌ವರೆಗೆ

ಮಾಗಡಿ, ಕುಣಿಗಲ್, ರಾಮನಗರದ ಕಡೆಯಿಂದ ಬೆಂಗಳೂರಿಗೆ ಬರುವವರಿಗೆ ಮೊದಲು ಸಿಗುವುದು ಪಶ್ಚಿಮದ ಬಡಾವಣೆಗಳು. ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಮುಖ್ಯರಸ್ತೆಗಳಲ್ಲಿ ನಡೆದರೆ ಮೂಳೆ, ಕೀಲು, ಬೆನ್ನುನೋವಿನ ಬೋರ್ಡುಗಳು ಒಂದಾದ ಮೇಲೊಂದು ಕಾಣುತ್ತವೆ. ಒಂದು ಕಡೆ ಪುತ್ತೂರು ಕಟ್ಟು, ಇನ್ನೊಂದು ಕಡೆ ಫಿಸಿಯೋಥೆರಪಿ, ಮತ್ತೊಂದು ಕಡೆ ಆಯುರ್ವೇದ. ಈಗ ಅವುಗಳ ನಡುವೆ ಹೊಸ ಹೆಸರೊಂದು ಸೇರಿದೆ: ಕೈರೋಪ್ರಾಕ್ಟಿಕ್.

ಇದರ ವಿಡಿಯೋಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಮಲಗಿಸಿ ಒಂದು ತಿರುವು ಕೊಡುತ್ತಾರೆ, ಲಟಕ್ ಅನ್ನುತ್ತದೆ, ಮಲಗಿದ್ದವರು ನಗುತ್ತಾ ಏಳುತ್ತಾರೆ. ಅಂಥದ್ದೊಂದನ್ನು ನೋಡಿ ನಮ್ಮ ಬಳಗದ ಗೆಳೆಯರೊಬ್ಬರ ತಾಯಿ, "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ" ಎಂದರು. ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ಬೆನ್ನು ಅವರದು. ಹೋಗಿ ಎನ್ನಬೇಕೋ ಬೇಡ ಎನ್ನಬೇಕೋ ನಮಗೆ ತಿಳಿಯಲಿಲ್ಲ. ಅದಕ್ಕೇ ಇದರ ಚರಿತ್ರೆ ಹುಡುಕಿಕೊಂಡು ಹೊರಟೆವು.

ಊರಿನ ಕೈಗಳು

ಬೆನ್ನಿಗೆ ಕೈ ಹಾಕಿ ನೋವು ತೆಗೆಯುವುದು ನಮಗೆ ಹೊಸದಲ್ಲ. ಉಳುಕು ತೆಗೆಯುವವರು ಹಳ್ಳಿಗಳಲ್ಲಿ ಇದ್ದೇ ಇದ್ದರು. ಗರಡಿಮನೆಯ ಉಸ್ತಾದರು ಪೈಲ್ವಾನರ ಮೈಕೈ ತೀಡಿ ಕೀಲು ಕೂರಿಸುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಕಾಲು ಸೋಕಿಸಿದರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆಯನ್ನು ನಮ್ಮಲ್ಲಿ ಅನೇಕರು ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಕ್ಷೌರದ ಅಂಗಡಿಯಲ್ಲಿ ಕೊನೆಗೊಮ್ಮೆ ಕತ್ತು ತಿರುಗಿಸಿ ನೆಟಿಕೆ ತೆಗೆಯುವುದೂ ಇದೇ ಸಾಲಿಗೆ ಸೇರಿದ್ದು.

ಬೋರ್ಡುಗಳಲ್ಲಿರುವ ಪುತ್ತೂರು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ. ಅದು ಆಂಧ್ರದಲ್ಲಿ, ತಿರುಪತಿಯಿಂದ ಚೆನ್ನೈ ಕಡೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿನ ಮನೆತನವೊಂದರ ಮೂಳೆ ಕಟ್ಟು ಹೆಸರುವಾಸಿಯಾಗಿ, ಆ ಹೆಸರು ಬೆಂಗಳೂರಿನ ಗಲ್ಲಿಗಲ್ಲಿಗೂ ಬಂತು. ಆ ಕಟ್ಟು ಮುಖ್ಯವಾಗಿ ಮುರಿದ ಕೈಕಾಲುಗಳಿಗೆ. ಬೆನ್ನುಮೂಳೆಯ ಲೆಕ್ಕವೇ ಬೇರೆ, ಏಕೆಂದರೆ ಅದರೊಳಗೆ ನರಗಳ ಹುರಿ ಇದೆ.

ದುಡಿಮೆಯ ಬೆನ್ನು

ಇಷ್ಟೊಂದು ಬೋರ್ಡುಗಳು ಈ ಭಾಗದಲ್ಲೇಕೆ? ಪಶ್ಚಿಮ ಬೆಂಗಳೂರು ಬೆಳೆದದ್ದೇ ದುಡಿಮೆಯಿಂದ. ನಾವು ಬಿನ್ನಿ ಮಿಲ್ ಎನ್ನುವ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಶುರುವಾದದ್ದು 1884ರಲ್ಲಿ. ಸ್ವಾತಂತ್ರ್ಯ ಬಂದ ಬೆನ್ನಿಗೇ ರಾಜಾಜಿಯವರ ಹೆಸರಿನಲ್ಲಿ ರಾಜಾಜಿನಗರ ತಲೆ ಎತ್ತಿತು, ಅಲ್ಲಿ ಕೈಗಾರಿಕಾ ಪ್ರದೇಶವೂ ಬಂತು. ಮಾಗಡಿ ರಸ್ತೆಯ ಸುತ್ತ ವಿದ್ಯುತ್ ಮಗ್ಗಗಳು ಸದ್ದು ಮಾಡಿದವು, ಮನೆಗಳಲ್ಲಿ ಹೆಂಗಸರು ನೆಲದ ಮೇಲೆ ಕೂತು ಊದಿನಕಡ್ಡಿ ಹೊಸೆದರು. ಆಮೇಲೆ ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಬಂದವು. 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಮೆಟ್ರೋ ಬಂದಾಗ ಕಂಪ್ಯೂಟರ್ ಮುಂದೆ ಕೂರುವವರೂ ಹೆಚ್ಚಾದರು.

ರೈತನೇ ದೇಶದ ಬೆನ್ನೆಲುಬು ಎನ್ನುತ್ತೇವೆ. ಆ ರೈತನ ಬೆನ್ನು, ಅವನ ಮನೆಯಿಂದ ಪಟ್ಟಣಕ್ಕೆ ದುಡಿಯಲು ಬಂದವರ ಬೆನ್ನು ಏನಾಯಿತು ಎಂದು ಕೇಳುವವರು ಕಡಿಮೆ.

1895ರ ಅಮೆರಿಕ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ. ಡಿ.ಡಿ. ಪಾಮರ್ ಎಂಬಾತ ಮೈಮೇಲೆ ಕೈಯಾಡಿಸಿ ವಾಸಿ ಮಾಡುತ್ತೇನೆ ಎನ್ನುತ್ತಿದ್ದವನು. ಅದೇ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡ್‌ಗೆ ಕಿವಿ ಮಂದವಾಗಿತ್ತು. 1895ರ ಸೆಪ್ಟೆಂಬರ್‌ನಲ್ಲಿ ಅವನ ಬೆನ್ನಿನ ಮೂಳೆಯೊಂದನ್ನು ಒತ್ತಿ ಕೂರಿಸಿದೆ, ಕಿವಿ ಕೇಳಿಸಿತು ಎಂದು ಪಾಮರ್ ಹೇಳಿಕೊಂಡ. ಬಹುಪಾಲು ರೋಗಗಳಿಗೆ ಬೆನ್ನಿನ ಮೂಳೆ ಜರುಗಿರುವುದೇ ಕಾರಣ ಎಂದು ಸಾರಿ, 1897ರಲ್ಲಿ ಶಾಲೆಯನ್ನೂ ತೆರೆದ. ಕಿವಿಯಿಂದ ಮೆದುಳಿಗೆ ಹೋಗುವ ನರ ತಲೆಬುರುಡೆಯೊಳಗೇ ಇದೆ, ಬೆನ್ನನ್ನು ಹಾಯುವುದಿಲ್ಲ. ವೈದ್ಯರು ಈ ಮಾತನ್ನು ಒಪ್ಪದಿದ್ದುದು ಸಹಜ.

ಪರವಾನಗಿ ಇಲ್ಲದೆ ಚಿಕಿತ್ಸೆ ಕೊಟ್ಟನೆಂದು 1906ರಲ್ಲಿ ಪಾಮರ್ ಜೈಲಿಗೂ ಹೋದ. ಆದರೆ ವಿದ್ಯೆ ನಿಲ್ಲಲಿಲ್ಲ. 1913ರಲ್ಲಿ ಕ್ಯಾನ್ಸಸ್ ರಾಜ್ಯ ಅದಕ್ಕೆ ಕಾನೂನು ಮಾಡಿತು, 1974ರಲ್ಲಿ ಕೊನೆಯದಾಗಿ ಲೂಸಿಯಾನಾ ಒಪ್ಪಿತು. ಅಲ್ಲೀಗ ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದವರು ಮಾತ್ರ ಈ ಕೆಲಸ ಮಾಡಬಹುದು. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಪ್ರತ್ಯೇಕ ಶಾಸನಬದ್ಧ ಪರಿಷತ್ತು ಇಲ್ಲ. ಹಾಗಾಗಿ ಬೋರ್ಡಿನ ಹಿಂದೆ ಕೂತವರು ಎಲ್ಲಿ, ಎಷ್ಟು ವರ್ಷ ಕಲಿತರು ಎಂದು ನಾವೇ ಕೇಳಬೇಕು. ಕೇಳಿದರೆ ತಪ್ಪಿಲ್ಲ.

ಆ ಸದ್ದು ಯಾವುದರದು?

ಹುಟ್ಟುವಾಗ ಬೆನ್ನುಮೂಳೆಯಲ್ಲಿ 33 ಬಿಲ್ಲೆಗಳಿರುತ್ತವೆ. ಬೆಳೆಯುತ್ತಾ ಕೆಳಗಿನವು ಬೆಸೆದುಕೊಂಡು ದೊಡ್ಡವರಲ್ಲಿ 26 ಮೂಳೆಗಳಾಗುತ್ತವೆ. ಬಿಲ್ಲೆಗಳ ನಡುವೆ ಡಿಸ್ಕ್ ಎಂಬ ಮೆತ್ತೆ, ಹಿಂಬದಿಯಲ್ಲಿ ಸಣ್ಣ ಕೀಲುಗಳು. ಕೀಲಿನೊಳಗೆ ಎಣ್ಣೆಯಂಥ ದ್ರವ ಇದೆ. ಕೀಲನ್ನು ಥಟ್ಟನೆ ಎಳೆದಾಗ ಆ ದ್ರವದಲ್ಲಿ ಅನಿಲದ ಗುಳ್ಳೆಯೊಂದು ಉಂಟಾಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ನೆಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿ ನೋಡಿ ಇದನ್ನೇ ತೋರಿಸಿದರು. ಅಂದರೆ ಲಟಕ್ ಎಂಬುದು ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಸ್ವಲ್ಪ ಹೊತ್ತು ಹಗುರ ಅನಿಸುವುದು ನಿಜ, ಆದರೆ ಸದ್ದು ಬಂತೆಂದರೆ ರೋಗ ಹೋಯಿತೆಂದಲ್ಲ.

ಹಾಗಾದರೆ ಇದೆಲ್ಲ ಮೋಸವೇ? ಹಾಗೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವ್ಯಾಯಾಮ, ರೋಗಿಗೆ ತಿಳಿವಳಿಕೆ ಕೊಡುವುದು, ಮಸಾಜ್ ಇವೆ. ಬೆನ್ನನ್ನು ಕೈಯಿಂದ ಹೊಂದಿಸುವ ಚಿಕಿತ್ಸೆಯೂ ಇದೆ. ಸೊಂಟದ ಬೆಲ್ಟ್ ಮತ್ತು ಎಳೆತವನ್ನು ಬೇಡ ಎಂದಿದೆ. ನಮ್ಮ ಊರುಗಳಲ್ಲಿ ಎಷ್ಟು ಜನ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಿದ್ದಾರೆ, ನೆನಪಿಸಿಕೊಳ್ಳಿ.

ಕತ್ತು ಕೊಡುವ ಮುನ್ನ

ಕತ್ತಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲೇ ಹಾದುಹೋಗುತ್ತವೆ. ಜೋರಾಗಿ ತಿರುಗಿಸಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ಆದರೆ ಆಗುತ್ತದೆ. ಬಳ್ಳಾರಿಯಲ್ಲಿ ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿಸಿಕೊಂಡ ಯುವಕನೊಬ್ಬನಿಗೆ ಹೀಗೇ ಆಯಿತೆಂದು 2024ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಆತ ಚೇತರಿಸಿಕೊಂಡದ್ದು ಸಮಾಧಾನದ ಸಂಗತಿ.

ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಯಾರ ಕೈಯಲ್ಲೂ ಒತ್ತಿಸಿಕೊಳ್ಳಬೇಡಿ. ಅದು ಬೆನ್ನುಮೂಳೆಯ ಕ್ಷಯವೂ ಆಗಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವಿಗೂ ಮೊದಲು ಎಕ್ಸ್‌ರೇ ಆಗಬೇಕು. ಕಾಲು ಸ್ವಾಧೀನ ತಪ್ಪುತ್ತಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ, ಮಲದ ಹಿಡಿತ ತಪ್ಪಿದರೆ ನಾಳೆ ಎನ್ನದೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ಕಾಲಿನ ಶಕ್ತಿ ಮರಳಿ ಬಾರದಿರಬಹುದು.

ಗೆಳೆಯರ ತಾಯಿಯ ವಿಷಯಕ್ಕೆ ಬರೋಣ. ಮಾತನಾಡುತ್ತಾ ಕೇಳಿದಾಗ ಎಡಗಾಲು ಆರು ತಿಂಗಳಿಂದ ಜೋಮು ಎಂಬುದು ಹೊರಬಂತು. ಅದನ್ನವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ರಜೆ ಹಾಕಿದರೆ ಸಂಬಳ ಕಡಿಯುತ್ತಾರೆಂಬ ಭಯ. ಇಎಸ್‌ಐ ಕಾರ್ಡ್ ಅವರ ಕೈಯಲ್ಲೇ ಇತ್ತು. ಗಾರ್ಮೆಂಟ್ಸ್‌ಗೆ ಹೋಗುವ ನಿಮ್ಮ ಮನೆಯವರ ಬಳಿಯೂ ಇರಬಹುದು, ಈ ಭಾಗದವರಿಗೆ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಅವರು ಮೊದಲು ವೈದ್ಯರಿಗೆ ತೋರಿಸಿದರು. ಡಿಸ್ಕ್ ಜರುಗಿ ನರ ಒತ್ತಿತ್ತು. ಈಗ ದಿನಾ ಬೆಳಿಗ್ಗೆ ಚಾಪೆ ಹಾಸಿ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾರೆ, ಗಂಟೆಗೊಮ್ಮೆ ಯಂತ್ರದ ಮುಂದಿನಿಂದ ಎದ್ದು ನಿಲ್ಲುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಜೋಮು ಕಡಿಮೆಯಾಗಿದೆ.

ಹಳ್ಳಿಯ ಉಳುಕು ತೆಗೆಯುವವರಾಗಲಿ, ವಿಜಯನಗರದ ಎಸಿ ಕೋಣೆಯ ಕೈರೋಪ್ರಾಕ್ಟರ್ ಆಗಲಿ, ಒಳ್ಳೆಯವರು ಮೈ ಮುಟ್ಟುವ ಮುಂಚೆ ಪ್ರಶ್ನೆ ಕೇಳುತ್ತಾರೆ: ನೋವು ಯಾವಾಗಿನಿಂದ, ಜೋಮು ಇದೆಯೇ, ಜ್ವರ ಬಂದಿತ್ತೇ, ಬಿದ್ದಿದ್ದಿರಾ? ಏನೂ ಕೇಳದೆ ಮಲಗಿ ಎಂದವರ ಬಳಿಯಿಂದ ಎದ್ದು ಬನ್ನಿ.